ಲಿಪಿಕಾರನ ಎಚ್ಚರ

ವಿಭಾಗದ ಸಂಸ್ಮರಣ ಸಂಪುಟಕ್ಕೆ ನೆನಪಿನ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನನಗೆ ಸಂಕೋಚವೇ ಆಯಿತು. ಸಾಹಿತ್ಯವನ್ನು ಪ್ರೀತಿಯಿಂದ ಓದಿದವನಾದರೂ ನಾನು ಅದನ್ನು ವೃತ್ತಿಯಾಗಿಸಿಕೊಂಡವನಲ್ಲ. ಡೊಂಬಿವಲಿಯಲ್ಲಿ ಮನೆ, ಕಲ್ಯಾಣದಲ್ಲಿ ನೌಕರಿ, ಕಲೀನಾದ ವಿದ್ಯಾನಗರಿಯಲ್ಲಿ ಎಂ.ಎ. ವ್ಯಾಸಂಗ. ಈ ಮೂರನ್ನೂ ಲೋಕಲ್ ರೈಲು ಹೇಗೋ ಒಂದುಗೂಡಿಸಿತ್ತು. ಹೊಟ್ಟೆಪಾಡು ಸಾಗುತ್ತಿದ್ದುದು ಖಾಸಗಿ ಕಚೇರಿಯೊಂದರ ಕಂಪ್ಯೂಟರ್ ಕೋಣೆಯಲ್ಲಿ. ಗ್ರಂಥಸಂಪಾದನೆಯ ತರಗತಿಯಲ್ಲಿ ಕೇಳಿದ ಮಾತೊಂದರ ಅರ್ಥ ನನಗೆ ಹೊಳೆದದ್ದು ಆ ಕೋಣೆಯ ಕೆಲಸದಿಂದ. ಆದುದರಿಂದ ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ತಾಳೆಗರಿಯ ಹಸ್ತಪ್ರತಿಗಳ ಕೊನೆಯಲ್ಲಿ, ಈ ಪ್ರತಿಯನ್ನು ನೀರಿನಿಂದಲೂ ಎಣ್ಣೆಯಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಿರೆಂದು ಲಿಪಿಕಾರರು ಬೇಡಿಕೊಳ್ಳುವುದುಂಟು. ಗುರುಗಳು ಅದನ್ನು ವಿವರಿಸುತ್ತ, ಪ್ರತಿಯನ್ನು ಕಾಪಾಡುವುದು ಒಂದು ಕೆಲಸ, ಅದನ್ನು ಮೂಲದೊಡನೆ ಓದಿ ತಾಳೆ ನೋಡುವುದು ಇನ್ನೊಂದು, ಎರಡನೆಯದಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ ಎಂದಿದ್ದರು. ಪರೀಕ್ಷೆಗೆ ಬೇಕಾದೀತೆಂದು ನಾನದನ್ನು ಬರೆದುಕೊಂಡೆ, ಅಷ್ಟೆ.

ದಿನವೂ ಸಂಜೆ ಕಚೇರಿಯ ಲೆಕ್ಕಪತ್ರಗಳನ್ನು ಟೇಪಿಗೆ ನಕಲು ಮಾಡಿಡುವುದು ನನ್ನ ಹೊಣೆಯಾಗಿತ್ತು. ಕಾರ್ಟ್ರಿಜ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಳಗೆ ಸುಮಾರು ನಾಲ್ಕು ಮಿಲಿಮೀಟರ್ ಅಗಲದ, 150 ಮೀಟರ್ ಉದ್ದದ ಟೇಪು. ಅದರಲ್ಲಿ ಹಿಡಿಸುವುದು 20 ಗಿಗಾಬೈಟ್. ಡ್ರೈವಿನೊಳಗೆ ಹೋದೊಡನೆ ಅದರ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತದೆ. ವೇಗವಾಗಿ ತಿರುಗುವ ಓರೆಯಾದ ಉರುಳೆಯೊಂದನ್ನು ಟೇಪು ಬಳಸಿಕೊಳ್ಳುತ್ತದೆ. ಆ ಉರುಳೆಯಲ್ಲಿರುವ ಹೆಡ್ಡುಗಳೇ ಅಲ್ಲಿ ಲೇಖನಿ. ಅವುಗಳಿಗೂ ಟೇಪಿಗೂ ನಡುವೆ ಧೂಳಿನ ಕಣವೊಂದು ಸೇರಿದರೆ ಅಕ್ಷರ ಅಳಿಯಿತೆಂದೇ ತಿಳಿಯಬೇಕು. ಆದುದರಿಂದ ಮುಚ್ಚಳವನ್ನು ಕೈಯಿಂದ ತೆರೆಯಬಾರದು, ಟೇಪನ್ನು ಬೆರಳಿನಿಂದ ಮುಟ್ಟಬಾರದು, ಕಾರ್ಟ್ರಿಜನ್ನು ಕೆಳಗೆ ಬೀಳಿಸಬಾರದು, ಸ್ಪೀಕರಿನಂಥ ಅಯಸ್ಕಾಂತವುಳ್ಳ ವಸ್ತುಗಳ ಬಳಿ ಇಡಬಾರದು. ಡ್ರೈವಿನ ದೀಪ ಸೂಚಿಸಿದಾಗಲೆಲ್ಲ ಶುಚಿಗೊಳಿಸುವ ಕಾರ್ಟ್ರಿಜನ್ನು ಹಾಕಿ ತೆಗೆಯಬೇಕು. ಶುಕ್ರವಾರದ ಪ್ರತಿಯನ್ನು ಅದರ ಡಬ್ಬಿಯಲ್ಲಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಾನು ಡೊಂಬಿವಲಿಯ ಮನೆಗೆ ಒಯ್ಯುತ್ತಿದ್ದೆ. ಒಂದು ವಾರ ಕಳೆದ ಮೇಲೆ ಅದು ಥಾಣೆಯ ಶಾಖೆಯ ಕಪಾಟನ್ನು ಸೇರುತ್ತಿತ್ತು.

2005ರ ಜುಲೈ 26ರ ಮಳೆಯನ್ನು ಮುಂಬಯಿಯವರಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕಲ್ಯಾಣದ ತಗ್ಗುಪ್ರದೇಶಗಳಲ್ಲಿ ನೀರು ನುಗ್ಗಿತು. ನೆಲಮಹಡಿಯಲ್ಲಿದ್ದ ನಮ್ಮ ಕೋಣೆಯೂ ಮುಳುಗಿತು. ಯಂತ್ರದೊಂದಿಗೆ ಕಪಾಟಿನ ಕಾರ್ಟ್ರಿಜ್‌ಗಳೂ ಕೆಸರಾದವು. ಅವನ್ನು ಒಣಗಿಸಿ ಡ್ರೈವಿಗೆ ಹಾಕಿ ನೋಡೋಣವೆಂದು ನಾನೆಂದಾಗ, ಕಾರ್ಕಳ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರು ತಡೆದರು: ‘‘ಬೇಡ ಮಾರಾಯಾ, ಟೇಪು ಹೇಗೂ ಹೋಗಿದೆ, ಡ್ರೈವನ್ನೂ ಕೆಡಿಸಬೇಡ.’’

ಉಳಿದದ್ದು ಮನೆಯಲ್ಲಿದ್ದ ಪ್ರತಿ. ರೈಲು ಸಂಚಾರ ಸರಿಹೋದ ಬಳಿಕ ಅದನ್ನು ನವಿ ಮುಂಬಯಿಯ ಮಹಾಪೆಯಲ್ಲಿದ್ದ ಇನ್ನೊಂದು ಶಾಖೆಗೆ ಒಯ್ದೆವು. ಮಳೆಗಾಲದ ತೇವದಿಂದ ತಂದ ಟೇಪನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕೂಡಲೇ ಓಡಿಸಬಾರದು, ಅದು ಅಲ್ಲಿಯ ಹವೆಗೆ ಹೊಂದಿಕೊಳ್ಳಬೇಕು ಎಂದು ಆ ಹಿರಿಯರು ಒಂದು ದಿನ ಕಾಯಿಸಿದರು. ಮರುದಿನ ಟೇಪು ಸ್ವಲ್ಪ ದೂರ ಓಡಿ ನಿಂತಿತು. ಮತ್ತೆ ಹಾಕಿದರೂ ಅಲ್ಲಿಯೇ ನಿಂತಿತು.

ತಪ್ಪು ಟೇಪಿನದಲ್ಲ, ನನ್ನದು. ಕೆಲವು ದಿನಗಳಿಂದ ಡ್ರೈವಿನ ದೀಪ ಮಿನುಗುತ್ತಿದ್ದರೂ ನಾನು ಅದನ್ನು ಶುಚಿಗೊಳಿಸಿರಲಿಲ್ಲ. ಬರೆದುದನ್ನು ಮತ್ತೆ ಓದಿ ಮೂಲದೊಡನೆ ಹೋಲಿಸುವ ವ್ಯವಸ್ಥೆ ಆ ಬ್ಯಾಕಪ್ಪಿನಲ್ಲಿತ್ತು. ಅದಕ್ಕೆ ಇನ್ನಷ್ಟು ಸಮಯ ಹಿಡಿಯುತ್ತಿದ್ದುದರಿಂದ, ಬೇಗ ಮನೆ ಸೇರಬೇಕೆಂಬ ಆತುರದಲ್ಲಿ ಅದನ್ನು ನಿಲ್ಲಿಸಿಬಿಟ್ಟಿದ್ದೆ. ಮನೆಯಲ್ಲಿ ಆಗ ನಾನು ಬರೆಯುತ್ತಿದ್ದುದು ಪಾಠಾಂತರಗಳನ್ನು ಕುರಿತ ಸಂಪ್ರಬಂಧ!

ಥಾಣೆಯಲ್ಲಿದ್ದ ಹಿಂದಿನ ವಾರದ ಪ್ರತಿ ನಮ್ಮನ್ನು ಕಾಪಾಡಿತು. ಆದರೆ ನಡುವಿನ ದಿನಗಳ ಲೆಕ್ಕ ಹೋಯಿತು, ಅದರೊಡನೆ ದಿನಗೂಲಿಯವರ ಹಾಜರಿಯೂ ಹೋಯಿತು. ಬಟವಾಡೆಯ ದಿನ ಅವರು ಸಾಲಾಗಿ ನಿಂತಾಗ ನಮ್ಮಲ್ಲಿ ಯಾವ ದಾಖಲೆಯೂ ಇರಲಿಲ್ಲ. ಅವರ ಮಾತನ್ನೇ ನಂಬಿ ಬರೆದುಕೊಂಡೆವು. ವಯಸ್ಸಾದ ಒಬ್ಬರು ತಾವು ಗುರುವಾರ ಬಂದಿರಲಿಲ್ಲವೆಂದು ತಾವಾಗಿಯೇ ಹೇಳಿದರು. ಅವರ ಮನೆಗೂ ನೀರು ನುಗ್ಗಿತ್ತು. ಆ ಒಂದು ದಿನದ ಕೂಲಿಯ ಅಗತ್ಯ ಅವರಿಗೆಷ್ಟಿತ್ತೆಂಬುದು ನನಗೆ ತಿಳಿದಿತ್ತು. ತಲೆಯೆತ್ತಿ ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ.

ಅಂದಿನಿಂದ, ತಿಂಗಳಿಗೊಮ್ಮೆಯಾದರೂ ಹಳೆಯ ಟೇಪೊಂದನ್ನು ತೆಗೆದು ಬೇರೆ ಡ್ರೈವಿನಲ್ಲಿ ಓದಿ ನೋಡದೆ ನಾನು ಪ್ರತಿಯಿದೆಯೆಂದು ಸಹಿ ಹಾಕಿದವನಲ್ಲ. ಆ ಬಗೆಯ ಚಿಕ್ಕ ಕಾರ್ಟ್ರಿಜ್‌ಗಳ ಕಾಲ ಮುಗಿದಿದೆ. ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಅರ್ಧ ಅಂಗುಲದ ಟೇಪು ಇಂದಿಗೂ ಸುತ್ತುತ್ತಿದೆ. ನಮ್ಮ ವಿಭಾಗದ ವಿದ್ಯಾರ್ಥಿಗಳೂ ಈಗ ತಮ್ಮ ಪ್ರಬಂಧಗಳನ್ನು ಯಾವುದಾದರೊಂದು ಯಂತ್ರಕ್ಕೆ ಒಪ್ಪಿಸಿಯೇ ಮಲಗುತ್ತಾರೆ. ಗುರುಗಳು ನನಗೆ ಹೇಳಿದ್ದನ್ನೇ ಅವರಿಗೂ ಹೇಳಬಯಸುತ್ತೇನೆ: ಓದಿ ನೋಡದ ಪ್ರತಿ ಪ್ರತಿಯಲ್ಲ.