ಕೆಂಚಿಗೆ ನಾನು ಕಲಿಸಿದ ಪಾಠ

ಪಾವ್ಲೋವ್ ಮಹಾಶಯನ ನಾಯಿ ಜೊಲ್ಲು ಸುರಿಸಿದ ಕಥೆಯನ್ನು ಮನಶ್ಶಾಸ್ತ್ರದ ತರಗತಿಯಲ್ಲಿ ಕೇಳದವರಾರು? ನಾನು ಹೇಳಹೊರಟಿರುವುದು ಜೊಲ್ಲಿನ ಕಥೆಯಲ್ಲ, ಬೆರಳಿನ ಕಥೆ.

ಕೆಂಚಿ ನಮ್ಮೂರ ಬೀದಿಯ ನಾಯಿ. ಅದನ್ನು ಸಾಕಿದವರಿಲ್ಲ, ಹಾಗೆಂದು ಪರಕೀಯವೂ ಅಲ್ಲ. ರಾತ್ರಿ ಊಟವಾದ ಮೇಲೆ ನಮ್ಮಜ್ಜಿ ಉಳಿದ ಮುದ್ದೆಯನ್ನು ಹಿತ್ತಲಿನಲ್ಲಿ ಎಲ್ಲಾದರೊಂದು ಕಡೆ ಇಟ್ಟು, ಕೆಂಚಿಯ ತಲೆ ಸವರಿ, "ಅಲ್ಲಿ ನೋಡೇ" ಎಂದು ಬೆರಳು ತೋರಿಸುವರು. ಕೆಂಚಿ ಬೆರಳಿನ ಜಾಡು ಹಿಡಿದು ನೇರವಾಗಿ ಅಲ್ಲಿಗೇ ಹೋಗುವುದು.

ಕಳೆದ ಬೇಸಗೆಯ ರಜೆಯಲ್ಲಿ ಸೋದರಮಾವನ ಮಕ್ಕಳೆದುರು ನನ್ನ ಪ್ರತಾಪ ತೋರಿಸಬೇಕೆನಿಸಿತು. ಏನೂ ಇಲ್ಲದ ಗಾಡಿಯ ಕೆಳಕ್ಕೆ ಬೆರಳು ತೋರಿಸಿದೆ. ಕೆಂಚಿ ಓಡಿ ಹೋಗಿ, ಮೂಸಿ, ತಿರುಗಿ ನನ್ನ ಮುಖ ನೋಡಿತು. ನಾವು ಬಿದ್ದು ಬಿದ್ದು ನಕ್ಕೆವು. ನಾಲ್ಕು ದಿನ ಈ ವಿನೋದ ನಡೆಯಿತು. ಐದನೆಯ ದಿನ ಕೆಂಚಿ ಮಲಗಿದಲ್ಲಿಂದ ಏಳಲಿಲ್ಲ. "ಬೆಪ್ಪು ನಾಯಿ!" ಎಂದು ನಾನೇ ತೀರ್ಪಿತ್ತೆ.

ಆಷಾಢದ ಒಂದು ಭಾನುವಾರ ಊರಿಗೆ ಹೋಗಿದ್ದೆ. ಮನೆ ಸೋರುತ್ತಿತ್ತು, ಹೆಂಚು ಸರಿಪಡಿಸಲು ಸೂರಿನ ಮೇಲೆ ಹತ್ತಿದ್ದೆ. ಇದ್ದಕ್ಕಿದ್ದಂತೆ ಮಳೆ ಜೋರಾಯಿತು. ಕೆಳಗೆ ಕೆಂಚಿ ತನ್ನ ಮರಿಗಾಗಿ ಹುಚ್ಚೆದ್ದು ಹುಡುಕುತ್ತಿತ್ತು. ಮರಿಯೋ ಚರಂಡಿಯ ಚಪ್ಪಡಿಗೆ ಸಿಕ್ಕಿಕೊಂಡು ಮೂತಿಯನ್ನಷ್ಟೇ ಮೇಲಕ್ಕೆತ್ತಿದ್ದುದು ನನಗೆ ಕಾಣುತ್ತಿತ್ತು. ಮಳೆಯ ಸದ್ದಿನಲ್ಲಿ ಅದರ ಕುಂಯ್‌ಗುಟ್ಟುವಿಕೆ ಯಾರಿಗೆ ಕೇಳಬೇಕು? ನಾನು ಕೂಗಿ ಕೂಗಿ ಬೆರಳು ತೋರಿಸಿದೆ. ಕೆಂಚಿ ತಲೆಯೆತ್ತಿ ನನ್ನನ್ನು ನೋಡಿತು. ನೋಡಿ, ವಿರುದ್ಧ ದಿಕ್ಕಿಗೆ ಓಡಿತು.

ನನ್ನ ಕೂಗಿಗೆ ಅಜ್ಜಿ ಗೋಣಿಕೊಪ್ಪೆ ಹಾಕಿಕೊಂಡು ಹೊರಬಂದರು. ಅವರು ಬೆರಳು ನೀಡಿದ್ದೇ ತಡ, ಕೆಂಚಿ ಚರಂಡಿಗೆ ಹಾರಿ ಮರಿಯನ್ನು ಕತ್ತಿನ ತೊಗಲಿನಲ್ಲಿ ಕಚ್ಚಿ ತಂದಿತು. ಮರಿ ಬದುಕಿತು. "ನಿನ್ನ ದನಿ ಅದಕ್ಕೆ ಕೇಳಿಸಲಿಲ್ಲವೇನೋ ಕಣಪ್ಪ" ಎಂದರು ಅಜ್ಜಿ. ನಾನು ಹೂಂ ಎಂದೆ.

ಕಾಲೇಜಿಗೆ ಮರಳಿದ ಮೇಲೆ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಅಡಗಿಸಿಟ್ಟ ಆಹಾರವನ್ನು ಮನುಷ್ಯನ ಬೆರಳು ನೋಡಿ ಕಂಡುಕೊಳ್ಳುವುದರಲ್ಲಿ ನಾಯಿಯು ನಮ್ಮ ಹತ್ತಿರದ ಬಂಧು ಚಿಂಪಾಂಜಿಯನ್ನೇ ಮೀರಿಸುತ್ತದೆಂದು ಬ್ರಯಾನ್ ಹೇರ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಬಿಡಿಸಲಾಗದ ತೊಡಕು ಎದುರಾದರೆ ಮನುಷ್ಯರ ನಡುವೆ ಬೆಳೆದ ತೋಳವೂ ತಾನೇ ಹೆಣಗುತ್ತದೆ. ನಾಯಿ ತಿರುಗಿ ನಮ್ಮ ಮುಖ ನೋಡುತ್ತದೆ. ಇದು 2003ರ ಬುಡಾಪೆಸ್ಟಿನ ಪ್ರಯೋಗ. ಗಾಡಿಯ ಕೆಳಗಿನಿಂದ ಕೆಂಚಿ ನೋಡಿದ್ದು ಹಾಗೆಯೇ ಅಲ್ಲವೆ?

ನನ್ನ ಕಿವಿ ಬಿಸಿಯಾದದ್ದು ಕೊಲ್ಕತ್ತದ ಐಸರ್ ಸಂಸ್ಥೆಯವರು ಬಂಗಾಳದ ಬೀದಿನಾಯಿಗಳನ್ನು ಕುರಿತು 2017ರಲ್ಲಿ ಪ್ರಕಟಿಸಿದ್ದನ್ನು ಓದಿದಾಗ. ಎಳೆಯ ಮರಿ ತೋರಿದ ಬೆರಳನ್ನು ನಂಬಿ ಹೋಗುತ್ತದಂತೆ. ಬೆಳೆದ ನಾಯಿಯಾದರೋ ಬೆರಳು ತೋರಿದವನು ನಂಬಿಕೆಗೆ ಅರ್ಹನೋ ಅಲ್ಲವೋ ಎಂದು ಅಳೆದು ನಡೆಯುತ್ತದಂತೆ. ಒಂದೆರಡು ತುತ್ತಿಗಿಂತ ತಲೆ ಸವರುವುದರಿಂದಲೇ ಅದರ ವಿಶ್ವಾಸ ಹೆಚ್ಚುತ್ತದೆಂಬುದೂ ಅದೇ ಸಂಸ್ಥೆಯವರ ಇನ್ನೊಂದು ಶೋಧನೆ. ಅಜ್ಜಿ ಇದೊಂದನ್ನೂ ಓದಿದವರಲ್ಲ.

ದಸರಾ ರಜೆಯಲ್ಲಿ ದಿನವೂ ನಾನೇ ಮುದ್ದೆ ಇಟ್ಟು, ತಲೆ ಸವರಿ, ಬೆರಳು ತೋರಿಸಿದೆ. ಕೆಂಚಿ ಬೆರಳನ್ನು ನೋಡುವುದು, ನನ್ನ ಮುಖವನ್ನು ನೋಡುವುದು. ಆಮೇಲೆ ಬಾಗಿಲಲ್ಲಿ ನಿಂತ ಅಜ್ಜಿಯ ಕಡೆಗೆ ತಿರುಗುವುದು. ಅದರ ಮರಿ ಮಾತ್ರ ಅಷ್ಟರಲ್ಲಿ ನನ್ನ ಬೆರಳಿನ ದಿಕ್ಕಿಗೆ ಓಡಿಬಿಟ್ಟಿರುತ್ತಿತ್ತು.