ತಡವಾಗಿ ಬಂದ ಹಳೆಯ ಸುದ್ದಿ

ಕೃಷ್ಣೆಯ ಮಗ್ಗುಲಲ್ಲಿ ಶಾಲೆ ನಡೆಯಿಸುವವರಿಗೆ ಮಳೆಗಾಲವೆಂದರೆ ಪಾಠಕ್ಕಿಂತ ಚಿಂತೆಯ ಕಾಲವು. ಸಹ್ಯಾದ್ರಿಯಲ್ಲಿ ಮಳೆ ಸುರಿದು ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆ, ಉಗಾರ ಬುದ್ರುಕದಲ್ಲಿ ಬಿಸಿಲಿದ್ದರೂ ಹೊಳೆ ಏರುವದು. 2019ರ ಆಗಸ್ಟಿನ ಮಹಾಪೂರದಲ್ಲಿ, “ಅಕ್ಕೋರ, ಇವತ್ತ ಸಾಲಿ ಐತೇನ್ರಿ?” ಎಂದು ಫೋನಿನಲ್ಲಿ ಕೇಳುವವರಿಗೆ ಉತ್ತರ ಕೊಡುವದರಲ್ಲಿಯೇ ನನ್ನ ಬೆಳಗು ತೀರಿತು, ಕೇಳದೆ ಹೊರಟ ಮಕ್ಕಳನ್ನು ತಡೆಯಲು ಸಮಯ ಉಳಿಯಲಿಲ್ಲ.

ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳಿ, ಶಾಲೆಗಾಗಿ ಒಂದು ವೆಬ್ ಪುಟವನ್ನು ಕಟ್ಟಿಕೊಟ್ಟಳು. ಸಾಮಾನ್ಯ ಪುಟವನ್ನು ನಾವು ಮೇಲಿಂದ ಮೇಲೆ ತೆರೆದು ಹೊಸದೇನೆಂದು ಕೇಳಬೇಕು. ಇದರಲ್ಲಿ, 2011ರಲ್ಲಿ ನಿಯಮಬದ್ಧವಾದ ವೆಬ್‌ಸಾಕೆಟ್ ಎಂಬ ಪದ್ಧತಿಯಂತೆ, ಪಾಲಕರ ಫೋನಿಗೂ ದೂರದ ಯಂತ್ರಕ್ಕೂ ನಡುವಿನ ದಾರಿಯು ತೆರೆದೇ ಇರುವದು. ನಾನು ‘ರಜೆ’ ಎಂದು ಒತ್ತಿದೊಡನೆ ಸುದ್ದಿಯು ತಾನಾಗಿ ಹೊರಡುವದು. ಆ ಯಂತ್ರವು ಬಾಡಿಗೆಯದು, ಅದಕ್ಕೆ ಕ್ಲೌಡ್ ಎನ್ನುವರು. ಮೋಡಕ್ಕೆ ಹೆದರುವ ನಮಗೆ ಮೋಡವೇ ಸುದ್ದಿ ಹೇಳುವದೆಂದು ನಮ್ಮ ಸಿಪಾಯಿಯು ನಕ್ಕನು.

ಕಳೆದ ಮಳೆಗಾಲದ ಒಂದು ಮುಂಜಾನೆ ಏಳು ಗಂಟೆಗೆ ‘ಶಾಲೆ ಇದೆ’ ಎಂದು ಒತ್ತಿದೆನು. ಅರ್ಧ ತಾಸಿನಲ್ಲಿ ರಸ್ತೆಯ ಮೇಲೆ ನೀರು ಬಂದಿತು. ‘ರಜೆ’ ಎಂದು ಒತ್ತಿದೆನು. ಎಂಟೂವರೆಗೆ ಹುಡುಗಿಯೊಬ್ಬಳು ಮೊಳಕಾಲವರೆಗೆ ತೊಯ್ದು, ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಳು. “ನೀವ ಸಾಲಿ ಐತಿ ಅಂತ ಕಳಿಸಿದ್ರಲ್ರಿ, ಅಕ್ಕೋರ.” ಅವಳ ತಂದೆಯ ಫೋನಿನಲ್ಲಿ ನೋಡಿದರೆ ‘ರಜೆ’ ಮೊದಲು, ‘ಶಾಲೆ ಇದೆ’ ಆಮೇಲೆ! ಆ ಮಗುವು ನೀರನ್ನು ಒಬ್ಬಳೇ ದಾಟಿ ಬಂದಿದ್ದಳು. ನನ್ನ ಕೈಕಾಲುಗಳಲ್ಲಿ ಬಲವಿಲ್ಲದಾಯಿತು.

ವಿದ್ಯಾರ್ಥಿನಿಯು ಕಾರಣ ಹೇಳಿದಳು. ಸುದ್ದಿಗಳು ಒಂದು ಸಾಲಿನಲ್ಲಿ ಕಾಯುವವು. ಮುಟ್ಟಿತೆಂಬ ಉತ್ತರ ಬಾರದಿದ್ದರೆ ಯಂತ್ರವು ಪುನಃ ಕಳುಹಿಸುವದು. ಆದ್ದರಿಂದ ಒಂದೇ ಸುದ್ದಿ ಎರಡು ಸಲ ಬರಬಹುದು, ಹಿಂದಿನದು ಮುಂದಾಗಬಹುದು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಹಾಕಿ, ಬಂದದ್ದಕ್ಕಿಂತ ಹಿಂದಿನ ಸಂಖ್ಯೆಯದನ್ನು ಫೋನು ತೋರಿಸದಿದ್ದರಾಯಿತಂತೆ. ನಮ್ಮ ಜಾವಕ ಪುಸ್ತಕದಲ್ಲಿ ಕಾರಕೂನರು ಪತ್ರಪತ್ರಕ್ಕೂ ನಂಬರು ಹಾಕುವದನ್ನು ನಾನು ಇಷ್ಟು ವರ್ಷ ಹಠವೆಂದೇ ತಿಳಿದಿದ್ದೆನು!

ಈಗ ಯಾವ ಮನೆಗೆ ಸುದ್ದಿ ಮುಟ್ಟಿಲ್ಲವೆಂಬುದೂ ನನಗೆ ಕಾಣುವದು. ಮುಂದಿನ ರಜೆಯ ದಿನ ಹನ್ನೊಂದು ಮನೆಗಳು ಉಳಿದವು. ಹೆಸರು ಬರೆದುಕೊಟ್ಟೆನು, ಸಿಪಾಯಿಯು ಛತ್ರಿ ಹಿಡಿದು ಹೊರಟನು.