ಮಾಮುವಿನ ಮಾತ್ರೆ

ನನ್ನ ಮಾಮು ತಿ. ನರಸೀಪುರದಲ್ಲಿ ಟೈಲರ್. ಮೂರು ವರ್ಷದ ಹಿಂದೆ ಎಡಹೊಟ್ಟೆ ಭಾರ, ಸುಸ್ತು ಅನ್ನುತ್ತಿದ್ದರು. ಎಲ್ಲರೂ ಗ್ಯಾಸ್ಟ್ರಿಕ್ ಎಂದುಕೊಂಡೆವು. ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ 1,80,000! ಸಾಮಾನ್ಯವಾಗಿ ಇರಬೇಕಾದದ್ದು 4,000ದಿಂದ 11,000. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇದು ಸಿಎಂಎಲ್, ನಿಧಾನವಾಗಿ ಬೆಳೆಯುವ ರಕ್ತ ಕ್ಯಾನ್ಸರ್ ಎಂದರು. ಕೊಟ್ಟದ್ದು ದಿನಕ್ಕೊಂದು ಮಾತ್ರೆ: ಇಮ್ಯಾಟಿನಿಬ್, 400 ಮಿ.ಗ್ರಾಂ. "ಕ್ಯಾನ್ಸರಿಗೆ ಬರೀ ಮಾತ್ರೆನಾ?" ಎಂದು ನಾನಿ ಕೇಳುತ್ತಲೇ ಇದ್ದರು.

ಅದರ ಉತ್ತರ ನನಗೆ ಸಿಕ್ಕಿದ್ದು ಪಿಯುಸಿಗೆ ಬಂದ ಮೇಲೆ. ನಮ್ಮ ಜೀವಕೋಶಗಳಲ್ಲಿ ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳಿವೆ, ಸುಮಾರು 90 ಬಗೆ. ಎಟಿಪಿಯಿಂದ ಒಂದು ಫಾಸ್ಫೇಟ್ ತೆಗೆದು ಪ್ರೋಟೀನಿನಲ್ಲಿರುವ ಟೈರೋಸಿನ್‌ಗೆ ಅಂಟಿಸುವುದು ಇವುಗಳ ಕೆಲಸ. ಅಂಟಿಸಿದರೆ ಸ್ವಿಚ್ ಆನ್, 'ವಿಭಜನೆಯಾಗು' ಎಂಬ ಸಂದೇಶ ಹೋಗುತ್ತದೆ. ಆಮೇಲೆ ಆಫ್ ಆಗಬೇಕು. ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗುತ್ತವೆ (1973ರಲ್ಲಿ ಇದನ್ನು ಗುರುತಿಸಿದವರು ಜ್ಯಾನೆಟ್ ರೌಲಿ ಎಂಬ ಮಹಿಳೆ). ಅದರಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಕೈನೇಸ್ ಆಫ್ ಆಗುವುದೇ ಇಲ್ಲ. ಇಮ್ಯಾಟಿನಿಬ್ ಹೋಗಿ ಎಟಿಪಿಯ ಜಾಗದಲ್ಲಿ ಕೂತುಬಿಡುತ್ತದೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ.

ಆನ್ ಆಗದಿದ್ದರೂ ಕಷ್ಟವೇ. ಬ್ರೂಟನ್ ಟೈರೋಸಿನ್ ಕೈನೇಸ್ ಕೆಟ್ಟರೆ ಬಿ-ಕೋಶಗಳು ಬಲಿಯುವುದಿಲ್ಲ. ಪ್ರತಿಕಾಯಗಳಿಲ್ಲದ ಮಗುವಿಗೆ ಮೇಲಿಂದ ಮೇಲೆ ಸೋಂಕು. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹಾಗಾಗಿ ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ.

ಬೆಲೆಯ ವಿಷಯ ಹೇಳಲೇಬೇಕು. ಗ್ಲಿವೆಕ್ ಎಂಬ ಹೆಸರಿನಲ್ಲಿ ಈ ಔಷಧಕ್ಕೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿತ್ತು. ಹಳೆಯ ಔಷಧದ ಹೊಸ ರೂಪಕ್ಕೆ ಪೇಟೆಂಟ್ ಬೇಕೆಂದ ನೊವಾರ್ಟಿಸ್ ಕಂಪನಿಯ ಮನವಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ನಮ್ಮ ದೇಶದ ಕಂಪನಿಗಳು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಬೆಲೆಗೆ ಮಾಡುತ್ತಿದ್ದವು, ಮಾಡುತ್ತಲೇ ಇವೆ. ಇಲ್ಲದಿದ್ದರೆ ಬ್ಲೌಸ್ ಹೊಲಿದು ಮಾಮು ಎಷ್ಟು ತಿಂಗಳು ಬದುಕುತ್ತಿದ್ದರೋ.

ಆರು ತಿಂಗಳಲ್ಲಿ ಕಣಗಳ ಲೆಕ್ಕ ಸರಿಯಾಯಿತು. ಮಾಮು "ವಾಸಿ ಆಯ್ತಲ್ಲ" ಎಂದು ಯಾರಿಗೂ ಹೇಳದೆ ಎರಡು ತಿಂಗಳು ಮಾತ್ರೆ ಬಿಟ್ಟರು. ಲೆಕ್ಕ ಮತ್ತೆ ಏರಿತು. ಮಾತ್ರೆ ಸ್ವಿಚ್ಚನ್ನು ಅದುಮಿ ಹಿಡಿದಿರುತ್ತದೆ, ಕಿತ್ತುಹಾಕಿರುವುದಿಲ್ಲ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರಂತೆ.

ಈ ಸಲ ರಂಜಾನಿಗೆ ಮುಂಚೆಯೇ ಡಾಕ್ಟರನ್ನು ಕೇಳಿ ಬಂದರು. ಇಫ್ತಾರ್ ಆಗಿ ಊಟದ ಜೊತೆ ಮಾತ್ರೆ, ಮೇಲೆ ದೊಡ್ಡ ಲೋಟ ನೀರು. ಶನಿವಾರ ನಂಜನಗೂಡಿನಿಂದ ನಾನು ಹೋದಾಗ ನೋಡಿದೆ: ಮಾಮು ನುಂಗುವ ತನಕ ನಾನಿ ತಾವೂ ತುತ್ತು ಎತ್ತುವುದಿಲ್ಲ.